ಅಪ್ಪಯ್ಯನ ಅಡಿಗೆಯ ಮೂರು ದಿನ

ಅಮ್ಮನನ್ನು ಕಾಗೆ ಮುಟ್ಟಿತೆಂದರೆ ನಮಗೆ ಹಬ್ಬ! ಉಳಿದ ಮಕ್ಕಳು ದೀಪಾವಳಿಗೆ ಕಾಯುವ ಹಾಗೆ ನಾನೂ ನನ್ನ ತಮ್ಮ ಸುಬ್ಬುವೂ ಆ ಕಾಗೆಗೆ ಕಾಯುತ್ತಿದ್ದೆವು. ಮದರಾಸಿನ ತ್ರಿಪ್ಲಿಕೇನಿನ ನಮ್ಮ ವಠಾರದ ತಾರಸಿಯಲ್ಲಿ ಕಾಗೆಗಳಿಗೇನೂ ಬರಗಾಲವಿರಲಿಲ್ಲ. ಶಾಲೆಗೆ ಹೊರಡುವ ಮುಂಚೆ ನಮ್ಮ ತಟ್ಟೆಯಿಂದ ಒಂದು ತುತ್ತು ಅನ್ನ ಕದ್ದು ತಾರಸಿಗೆ ಓಡಿ, ಕಾಗೆಗಳಿಗೆ ಹಾಕಿ, ಬೇಗ ಕೆಳಗಿಳಿದು ಅಮ್ಮನನ್ನು ಮುಟ್ಟಿರಪ್ಪಾ ಎಂದು ಕೈ ಮುಗಿಯುತ್ತಿದ್ದೆವು. ಮನೆಯಲ್ಲಿ ಇಷ್ಟು ಜನ ಇರುವಾಗ ಈ ಕಾಗೆ ಅಮ್ಮನನ್ನೇ ಏಕೆ ಹುಡುಕಿಕೊಂಡು ಬರುತ್ತದೆ ಎಂಬುದು ಸುಬ್ಬುವಿನ ದೊಡ್ಡ ಸಮಸ್ಯೆಯಾಗಿತ್ತು. ಒಂದು ದಿನ ಕೇಳಿಯೂಬಿಟ್ಟ.

"ಅಮ್ಮ, ಅದ್ ಅಪ್ಪಯ್ಯನ್ನ ಎಂತಕ್ಕೆ ಮುಟ್ಟುದಿಲ್ಲೆ?"

"ನಿನ್ ಅಪ್ಪಯ್ಯನ ಮೈಯೆಲ್ಲ ಇಂಗಿನ ವಾಸನೆ. ಕಾಗೆ ಹತ್ರ ಬತ್ತಿಲ್ಲೆ" ಎಂದಳು ಅಮ್ಮ.

ಕಾಗೆಯ ಕಥೆಯೆಂದರೆ ಏನು ಎಂದು ನನಗೆ ಆಮೇಲೆ ತಿಳಿಯಿತು. ತಿಳಿದ ಮೇಲೂ ಸಂಭ್ರಮವೇನೂ ಕಡಿಮೆಯಾಗಲಿಲ್ಲ. ಏಕೆಂದರೆ ಅಮ್ಮ ಹೊರಗೆ ಕೂತ ಆ ಮೂರು ದಿನ ನಮ್ಮ ಮನೆಯಲ್ಲಿ ಅಪ್ಪಯ್ಯನ ಅಡಿಗೆ! ಅಪ್ಪಯ್ಯ ಬೀಚಿಗೆ ಹೋಗುವ ದಾರಿಯ ಒಂದು ಉಡುಪಿ ಹೋಟೆಲಿನಲ್ಲಿ ದೊಡ್ಡ ಭಟ್ಟರು. ಅವರು ಬೆಳಕು ಹರಿಯುವ ಮೊದಲೇ ಹೋಗಿ ಹಂಡೆಯಲ್ಲಿ ಕುದಿಸುತ್ತಿದ್ದ ಸಾಂಬಾರಿಗಾಗಿ ಲಾಡ್ಜುಗಳ ಹುಡುಗರೂ ಹೈಕೋರ್ಟಿನ ಗುಮಾಸ್ತರೂ ಬಾಗಿಲಲ್ಲಿ ನಿಂತಿರುತ್ತಿದ್ದರು. ಅಂಥ ಮನುಷ್ಯ ಮನೆಯಲ್ಲಿ ಮಾತ್ರ ಹಾಲು ಉಕ್ಕುತ್ತಿದ್ದರೂ ಏಳುತ್ತಿರಲಿಲ್ಲ. ಬೆಂಕಿಯ ಮುಂದೆ ನಿಂತು ಬಂದವನಿಗೆ ಮತ್ತೆ ಬೆಂಕಿ ತೋರಿಸಬೇಡಿ ಎನ್ನುವುದು ಅವರ ವಾದ. ಆದರೆ ಆ ಮೂರು ದಿನ ಬೇರೆ ಗತಿಯಿಲ್ಲ. ಅಮ್ಮ ಹಿಂದಿನ ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು, ಬೇರೆ ತಟ್ಟೆ, ಬೇರೆ ಚೊಂಬು ಇಟ್ಟುಕೊಂಡು ಕೂತುಬಿಟ್ಟರೆ ಅಡಿಗೆಮನೆಗೆ ಕಾಲಿಡುವಂತಿಲ್ಲ, ನಾವು ಅವಳನ್ನು ಮುಟ್ಟುವಂತಿಲ್ಲ. ಅಪ್ಪಯ್ಯ ಜೊತೆಯ ಭಟ್ಟರೊಬ್ಬರ ಹತ್ತಿರ ಪಾಳಿ ಬದಲು ಮಾಡಿಕೊಂಡು, ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ಕೂರುತ್ತಿದ್ದರು.

ಅವರದೊಂದು ದೋಷವಿತ್ತು. ಕೈಗೆ ಚಿಕ್ಕ ಅಳತೆ ಗೊತ್ತಿರಲಿಲ್ಲ! ಜನ್ಮವಿಡೀ ನೂರಾರು ಮಂದಿಗೆ ಬೇಯಿಸಿದ ಕೈ ನಾಲ್ಕು ಜನಕ್ಕೆಂದು ಬೇಳೆ ತೆಗೆದರೂ ಮೊರದ ತುಂಬ ಬರುತ್ತಿತ್ತು. ಕಮ್ಮಿ ಮಾಡಿದರೆ ರುಚಿ ಕೂಡುವುದಿಲ್ಲ ಎಂದು ಅವರೇ ಒಪ್ಪಿಕೊಳ್ಳುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿದ್ದ ಅತಿ ದೊಡ್ಡ ಪಾತ್ರೆ ಒಲೆಗೇರುತ್ತಿತ್ತು, ಕೊತ್ತಂಬರಿ ಹುರಿದ ಘಮ ಬೀದಿಯವರೆಗೆ ಹೋಗುತ್ತಿತ್ತು, ಮತ್ತು ಊಟಕ್ಕೆ ಮುಂಚೆ ನಾನೂ ಸುಬ್ಬುವೂ ಚೊಂಬು, ಹಿಡಿಕೆಯ ತೂಕುಪಾತ್ರೆಗಳಲ್ಲಿ ಸಾಂಬಾರು ತುಂಬಿಕೊಂಡು ವಠಾರದ ಪ್ರತಿ ಬಾಗಿಲಿಗೂ ಹೋಗಬೇಕಾಗುತ್ತಿತ್ತು. ಎದುರುಮನೆಯ ಪಂಕಜಂ ಮಾಮಿ ಆ ದಿನ ಅನ್ನ ಒಂದನ್ನೇ ಮಾಡಿ ಕಾಯುತ್ತಿದ್ದರು. ಅಮ್ಮ ಹೊರಗಾಗಿದ್ದಾಳೆ ಎಂದು ಯಾರೂ ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ಮೂಗಿದ್ದವರಿಗೆಲ್ಲ ಗೊತ್ತಾಗುತ್ತಿತ್ತು.

ಆದರೆ ನನಗೆ ಊಟಕ್ಕಿಂತ ಹೆಚ್ಚು ಖುಷಿ ಕೊಡುತ್ತಿದ್ದದ್ದು ಅವರಿಬ್ಬರ ಮಾತು. ತಿಂಗಳ ಉಳಿದ ದಿನಗಳಲ್ಲಿ ಅಪ್ಪಯ್ಯ ಬರುವಾಗ ಅಮ್ಮ ಯಾವುದೋ ಕೆಲಸದಲ್ಲಿ ಮುಳುಗಿರುತ್ತಿದ್ದಳು, ಅಮ್ಮ ಕೂರುವಾಗ ಅಪ್ಪಯ್ಯನಿಗೆ ನಿದ್ದೆ. ಆ ಮೂರು ದಿನ ಮಾತ್ರ ಅವರು ಒಳಗೆ ಒಲೆಯ ಮುಂದೆ, ಇವಳು ಹೊರಗೆ ಗೋಡೆಗೊರಗಿ. ನಡುವೆ ತೆರೆದ ಬಾಗಿಲು. ಹೋಟೆಲಿಗೆ ಬಂದವರು ಬಿಟ್ಟುಹೋದ ಹಳೆಯ ವಾರಪತ್ರಿಕೆಗಳನ್ನು ಅಪ್ಪಯ್ಯ ಅವಳಿಗಾಗಿಯೇ ಕೂಡಿಸಿಟ್ಟು ತರುತ್ತಿದ್ದರು. ಅವಳು ಧಾರಾವಾಹಿ ಕಾದಂಬರಿಯನ್ನು ಜೋರಾಗಿ ಓದುತ್ತಿದ್ದಳು, ಅವರು ನಾಯಕನಿಗೆ ಬೈಯುತ್ತಾ ಬೆಂಡೆಕಾಯಿ ಹೆಚ್ಚುತ್ತಿದ್ದರು.

"ಹ್ವಾಯ್, ಇದ್ ಹೋಟ್ಲಲ್ಲ, ಮನೆ. ಯಾರಿಗೆ ಅಷ್ಟ್ ಹುಣಸೆಹಣ್ಣ್?"

"ಓದು ಮಾರಾಯ್ತಿ, ನನ್ ಕೈ ನಿನ್ ಮಾತ್ ಕೇಂತಿಲ್ಲೆ. ಆ ಪ್ಯಾಟೆ ಹುಡ್ಗಿ ಎಂತ ಮಾಡ್ದ್ಲ್, ಹೇಳ್."

ಅಮ್ಮ ನಗುವುದನ್ನು ನೋಡಬೇಕೆಂದರೆ ಆಗಲೇ ನೋಡಬೇಕು. ನಾನು ಹೊಸ್ತಿಲ ಹತ್ತಿರ ಕೂತು ಒಮ್ಮೆ ಅವರನ್ನು, ಒಮ್ಮೆ ಇವಳನ್ನು ನೋಡುತ್ತಿದ್ದೆ. ಗಂಡ ಹೆಂಡತಿ ಎಂದರೆ ಹೀಗಿರಬೇಕು ಎಂದು ನನ್ನ ತಲೆಯಲ್ಲಿ ಬೇರೂರಿದ್ದು ಆ ಜಾಗದಲ್ಲೇ.

ನಾನು ಹೈಸ್ಕೂಲಿಗೆ ಸೇರಿದ ವರ್ಷ ಕಾಗೆ ತಪ್ಪಿತು. ಒಂದು ತಿಂಗಳು ಬರಲಿಲ್ಲ, ಮುಂದಿನ ತಿಂಗಳೂ ಇಲ್ಲ. ಅಮ್ಮ ಏನೂ ಹೇಳಲಿಲ್ಲ, ಅಪ್ಪಯ್ಯ ಕೇಳಲಿಲ್ಲ. ಆದರೆ ವಠಾರ ಸುಮ್ಮನಿರುತ್ತದೆಯೇ? ಬಾವಿಕಟ್ಟೆಯಲ್ಲಿ ಪಂಕಜಂ ಮಾಮಿ ಕೊಡ ಇಳಿಸಿ, ನಾಲ್ಕು ಜನರ ಎದುರೇ ಕೇಳಿಬಿಟ್ಟರು.

"ಎನ್ನ ಮಾಮಿ, ರೆಂಡು ಮಾಸಮಾ ಸಾಂಬಾರೇ ಕಾಣೋಂ? ಏದಾವದು ವಿಶೇಷಮಾ?"

ಎರಡು ತಿಂಗಳಿಂದ ಸಾಂಬಾರು ಕಾಣಿಸುತ್ತಿಲ್ಲ, ಏನಾದರೂ ವಿಶೇಷವೇ ಎಂದರೆ ಬಸುರಿಯೇ ಎಂದು. ಅಮ್ಮನ ಮುಖ ಕೆಂಪಾಯಿತು. ಊರಿನಲ್ಲಿ ನನ್ನ ಅಕ್ಕನಿಗೆ ಮದುವೆಯಾಗಿ ಮಗುವೂ ಆಗಿತ್ತು. ಮೊಮ್ಮಗನನ್ನು ಎತ್ತಿಕೊಂಡ ಅಜ್ಜಿ ಬಸುರಿಯಾದರೆ ಜನ ಏನೆಂದಾರು! ಅಮ್ಮ ಇಲ್ಲವೆಂದೂ ಹೇಳಲಿಲ್ಲ, ಏಕೆಂದರೆ ಅವಳಿಗೂ ಅದೇ ಭಯವಿತ್ತು. ಅಂದು ಸಂಜೆಯೊಳಗೆ ಮಾಮಿಯ ಮನೆಯಿಂದ ಮಾವಿನಕಾಯಿ ಬಂತು, ಮೇಲಿನ ಮನೆಯವರಿಂದ ನೆಲ್ಲಿಕಾಯಿ ಉಪ್ಪಿನಕಾಯಿ. ಸುಬ್ಬು ತನಗೆ ತಮ್ಮನೇ ಬೇಕೆಂದು ಕುಣಿದ. ನಾನೂ ಕುಣಿದೆ ಅನ್ನಿ, ತಂಗಿ ಬೇಕೆಂದು. ಇದೆಲ್ಲ ಹೋಗಲಿ, ಅಪ್ಪಯ್ಯ! ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಮಾರನೆಯ ದಿನ ಅವರು ಹೋಟೆಲಿನಿಂದ ಎಲೆ ಸುತ್ತಿದ ಬಾದಾಮಿ ಹಲ್ವ ಹಿಡಿದು, ಕ್ಷೌರ ಮಾಡಿಸಿಕೊಂಡು, ಹೊಸ ಅಳಿಯನಂತೆ ಬಂದು ನಿಂತರು.

"ಇದೆಂತಕ್ಕೆ?" ಎಂದಳು ಅಮ್ಮ.

"ಎಂತಕ್ಕಿಲ್ಲೆ. ನಿಂಗೆ."

"ಈ ವಯಸ್ಸಲ್ಲಿ ನಿಮ್ಗೆ ಹಲ್ವದ ಹುಚ್ಚಾ? ನನ್ ಮಾನ ಬಾವಿಕಟ್ಟೆಲ್ ಹೋಯ್ತ್. ನಿಮ್ ಸಾಂಬಾರಿಂದಾಯೇ ಹೋಯ್ತ್!"

ಅಪ್ಪಯ್ಯ ಹಲ್ವವನ್ನು ನಮಗೆ ಕೊಟ್ಟು ಹೊರಗೆ ಹೋಗಿ ಕೂತರು. ಪಾಪ, ತಮ್ಮ ಸಾಂಬಾರು ಮಾಡಿದ ತಪ್ಪೇನು ಎಂದು ಅವರಿಗೆ ಅರ್ಥವಾಗಿರಲಿಲ್ಲ. ಕೆಲವು ವಾರಗಳ ಮೇಲೆ, ಯಾವುದೋ ಶುಕ್ರವಾರ ದೇವರ ಮುಂದೆ ಆರತಿ ಹಿಡಿದು ನಿಂತಿದ್ದ ಅಮ್ಮ ಅದನ್ನು ನನ್ನ ಕೈಗೆ ತುರುಕಿ ಹಿಂದಿನ ಜಗಲಿಗೆ ಓಡಿದಳು. ಬಸುರಲ್ಲ! ಅಮ್ಮ ಚಾಪೆಯಲ್ಲಿ ಕೂತು ನಿಟ್ಟುಸಿರುಬಿಟ್ಟಳು. ಅಪ್ಪಯ್ಯ ಆ ಸಲ ಪಾಯಸವನ್ನೂ ಮಾಡಿದರು. ವಠಾರದ ಬಾಗಿಲುಗಳಿಗೆ ಸಾಂಬಾರು ಹೋಯಿತು, ಮಾಮಿ ಮುಖ ಸಪ್ಪೆ ಮಾಡಿಕೊಂಡು ಪಾತ್ರೆ ಒಡ್ಡಿದರು.

ಅದಾದ ಮೇಲೆ ನಮ್ಮ ಮನೆಯ ಹವೆಯೇ ಕೆಟ್ಟಿತು. ಮದರಾಸಿನ ಸೆಖೆ ಎಲ್ಲರಿಗೂ ಗೊತ್ತು. ಆದರೆ ಮಾರ್ಗಳಿ ತಿಂಗಳ, ಎಂದರೆ ಧನುರ್ಮಾಸದ ಮುಂಜಾನೆ, ಬಾಗಿಲಲ್ಲಿ ರಂಗೋಲಿ ಹಾಕುವ ಮಾಮಿಯರೆಲ್ಲ ತಲೆಗೆ ಬಟ್ಟೆ ಸುತ್ತಿಕೊಂಡು ನಡುಗುವಾಗ, ಅಮ್ಮ ಬಾವಿಯಿಂದ ಕೊಡಗಟ್ಟಲೆ ತಣ್ಣೀರು ಸೇದಿ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದಳು. ಮಾತಾಡುತ್ತಿದ್ದಂತೆ ಕತ್ತಿನಿಂದ ಕೆಂಪೇರಿ ಹಣೆಯಲ್ಲಿ ಬೆವರೊಡೆದು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಎಲ್ಲ ಇಳಿದು ಚಳಿ. ಸಿಟ್ಟಂತೂ ಮೂಗಿನ ತುದಿಯಲ್ಲಿ. ಒಂದು ಭಾನುವಾರ ಅಪ್ಪಯ್ಯ ಊಟದ ನಡುವೆ, ಉಪ್ಪು ಒಂದು ಚೂರು ಮುಂದಾಯಿತೇನೋ ಎಂದರು. ಅಷ್ಟೇ! ಅಮ್ಮ ಹುಳಿಯ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಚರಂಡಿಗೆ ಸುರಿದು ಬಂದಳು. ನಾವು ಬರೀ ಅನ್ನದ ಮುಂದೆ ಕೂತಿದ್ದೆವು. ಅವಳು ಒಲೆಯ ಪಕ್ಕ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

"ನಂಗೆ ಎಂತ ಆಯ್ದೋ ನಂಗೇ ಗೊತ್ತಾತಿಲ್ಲೆ. ನನ್ ಮೈ ನನ್ದಲ್ಲ ಅಂಬಂಗಿತ್."

ಅಪ್ಪಯ್ಯನಿಗೆ ಭಯವಾಯಿತು. ಭಯವಾದರೆ ಅವರಿಗೆ ಗೊತ್ತಿದ್ದ ಮದ್ದು ಒಂದೇ. ಉಷ್ಣ ಎಂದು ತೀರ್ಮಾನಿಸಿ ದಿನಾ ಹೋಟೆಲಿನಿಂದ ತಂಪಿನ ಪದಾರ್ಥ ಹೊತ್ತು ತರತೊಡಗಿದರು. ಎಳನೀರು, ಬೂದುಗುಂಬಳ, ಬಾರ್ಲಿ, ಮೆಂತೆ ಗಂಜಿ, ನೆಲ್ಲಿಕಾಯಿ ತಂಬುಳಿ. ಮನೆಯಲ್ಲಿ ನಮಗೆಲ್ಲ ನೆಗಡಿ ಹಿಡಿಯಿತು. ಅಮ್ಮನ ಬಿಸಿ ಮಾತ್ರ ಇಳಿಯಲಿಲ್ಲ.

"ನಾನೆಂತ ಒಲೆಯಾ, ನೀರ್ ಹೊಯ್ದ್ ನಂದ್ಸುಕೆ?" ಎಂದು ಕೂಗಿದಳು ಒಂದು ದಿನ. "ಕುಡಿ ಕುಡಿ ಅಂಬ್ರಿ. ಹೇಂಗಿತ್ ಅಂದ್ ಒಂದಿನ ಕೇಂಡಿದ್ರ್ಯಾ?"

ಅಪ್ಪಯ್ಯ ಎಳನೀರಿನ ಲೋಟ ಹಿಡಿದುಕೊಂಡು ನಿಂತೇ ಇದ್ದರು. ಆಮೇಲೆ ಮೆಲ್ಲಗೆ, "ಹೇಂಗಿತ್?" ಎಂದರು. ಅಮ್ಮನಿಗೆ ನಗು ಬಂತು, ಅಳುವೂ ಬಂತು. ಅವರು ಲೋಟ ಕೆಳಗಿಟ್ಟು ಅವಳ ಎದುರಿಗೆ ನೆಲದಲ್ಲಿ ಕೂತರು. ಅವಳು ಹೇಳಿದಳು. ಅಷ್ಟನ್ನು ಅವಳು ಹೇಳುವುದನ್ನೂ ಅವರು ಕೇಳುವುದನ್ನೂ ನಾನು ಮೊದಲ ಬಾರಿಗೆ ಕಂಡೆ. ಬಹಳ ವರ್ಷಗಳ ಮೇಲೆ ನನ್ನ ಸರದಿ ಬಂದಾಗ ನಾನು ನನ್ನ ಗಂಡನನ್ನು ಎದುರಿಗೆ ಕೂರಿಸಿಕೊಂಡು ಮೊದಲ ದಿನವೇ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಲು ಎದ್ದರು, ನಾನು ಮತ್ತೆ ಕೂರಿಸಿದೆ.

ಆ ವಾರವೇ ನಾವು ಲೇಡಿ ಡಾಕ್ಟರ ಹತ್ತಿರ ಹೋದೆವು. ಅಮ್ಮ ಅಪ್ಪಯ್ಯ ಕೈರಿಕ್ಷಾದಲ್ಲಿ, ನಾನು ಅವರ ನಡುವೆ ಒತ್ತಿಕೊಂಡು. ಅಮ್ಮನ ತಮಿಳು ಬಾವಿಕಟ್ಟೆಯ ತಮಿಳು, ಡಾಕ್ಟರ ಮುಂದೆ ಅದು ಹೊರಡುವುದಿಲ್ಲ. ಶಾಲೆಯಲ್ಲಿ ತಮಿಳು ಕಲಿತ ನಾನೇ ದುಭಾಷಿ. ಎಂಥ ಜಂಬ ನನಗೆ! ಡಾಕ್ಟರು ಕನ್ನಡಕದ ದಪ್ಪ ಹೆಂಗಸು. ಅಮ್ಮನನ್ನು ಪರೀಕ್ಷಿಸಿ, ಹೊರಗೆ ಬೆಂಚಿನಲ್ಲಿ ಕೂತಿದ್ದ ಅಪ್ಪಯ್ಯನನ್ನೂ ಒಳಗೆ ಕರೆದರು. ಗಂಡಸರು ಆ ಕೋಣೆಗೆ ಬರುವ ವಾಡಿಕೆ ಇರಲಿಲ್ಲವೇನೋ, ಅಪ್ಪಯ್ಯ ಚಪ್ಪಲಿ ಬಿಟ್ಟು ದೇವಸ್ಥಾನಕ್ಕೆ ಬಂದವರಂತೆ ಬಂದರು.

"ಇದು ನೋಯೇ ಇಲ್ಲೆ. ಎಲ್ಲಾ ಪೊಂಬಳೆಕ್ಕುಂ ವರ್ರದುದಾನ್" ಎಂದರು ಡಾಕ್ಟರು.

ಇದು ರೋಗವೇ ಅಲ್ಲವಂತೆ, ಎಲ್ಲ ಹೆಂಗಸರಿಗೂ ಬರುವುದಂತೆ ಎಂದು ನಾನು ಹೇಳಿದೆ. ಮುಟ್ಟು ನಿಲ್ಲುತ್ತಿದೆ, ಪೂರ್ತಿ ನಿಲ್ಲಲು ಇನ್ನೂ ಸ್ವಲ್ಪ ಕಾಲ ಬೇಕು, ಅಲ್ಲಿಯವರೆಗೆ ಈ ಬಿಸಿ, ಈ ಸಿಟ್ಟು, ಈ ನಿದ್ದೆಗೇಡು ಬಂದು ಹೋಗುತ್ತಿರುತ್ತದೆ, ಅವಳಿಗೆ ವಿಶ್ರಾಂತಿ ಬೇಕು, ಮನೆಯವರು ತಾಳ್ಮೆಯಿಂದಿರಬೇಕು. ಎಲ್ಲವನ್ನೂ ನಾನು ಒಂದೊಂದಾಗಿ ಕನ್ನಡಕ್ಕೆ ತಂದೆ. ಅಪ್ಪಯ್ಯ ತಲೆಯಾಡಿಸಿದರು. ಆಮೇಲೆ ತಾವೇ ತಮಿಳಿನಲ್ಲಿ ಒಂದು ಪ್ರಶ್ನೆ ಕೇಳಿದರು.

"ಅಪ್ಪೋ ಇನಿಮೇಲ್ ಅಂದ ಮೂಣು ನಾಳ್?"

ಹಾಗಾದರೆ ಇನ್ನು ಮೇಲೆ ಆ ಮೂರು ದಿನ? ಡಾಕ್ಟರಿಗೆ ಅರ್ಥವಾಗಲಿಲ್ಲ, ಆ ತೊಂದರೆಯೇ ಇನ್ನಿಲ್ಲ, ಸಂತೋಷಪಡಿ ಎಂದು ನಕ್ಕರು. ಅಮ್ಮನಿಗೆ ಅರ್ಥವಾಯಿತು. ರಿಕ್ಷಾ ಹತ್ತಿ ವಾಪಸು ಹೊರಟೆವು. ಬೀಚಿನ ಎದುರಿನ ಐಸ್ ಹೌಸಿನ ಹತ್ತಿರ ಸಮುದ್ರದ ಗಾಳಿ ಬೀಸಿತು.

"ಇನ್ ನಾನ್ ಕೂತ್ಕಂಬುದ್ ಯಾವಾಗ?" ಎಂದಳು. "ಮದ್ವಿ ಆದಲ್ಲಿಂದ ನಾನ್ ಕೂತದ್ದೇ ಆ ಮೂರ್ ದಿನ. ನೀವ್ ನನ್ಹತ್ರ ಮಾತಾಡದ್ದೂ ಅದೇ ಮೂರ್ ದಿನ. ಅದೂ ಹೋಯ್ತಲೆ."

ಅಪ್ಪಯ್ಯನ ಕೈ ನನ್ನ ಬೆನ್ನ ಹಿಂದಿನಿಂದ ಹೋಗಿ ಅಮ್ಮನ ಕೈ ಹಿಡಿದಿತ್ತು. ಹಗಲು ಹೊತ್ತಿನಲ್ಲಿ, ನಡುಬೀದಿಯಲ್ಲಿ!

ಅವಳ ಭಯ ಸುಳ್ಳಾಗಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಮುಟ್ಟು ಪೂರ್ತಿ ನಿಂತಿತು, ಅದೇ ಹೊತ್ತಿಗೆ ಊರಿನಿಂದ ಅಪ್ಪಯ್ಯನ ತಾಯಿ, ನಮ್ಮ ಅಜ್ಜಿ, ನಮ್ಮೊಂದಿಗೇ ಇರಲು ಬಂದರು. ಕೆಂಪು ಸೀರೆ, ಬೋಳು ತಲೆ, ಬಲವಾದ ಮಡಿ. ಸುದ್ದಿ ಕೇಳಿದ್ದೇ ಅಜ್ಜಿಗೆ ಹಿಗ್ಗು.

"ಪುಣ್ಯ ಮಾಡಿದ್ದೆ ನೀನ್. ಇನ್ ನಡುವೆ ತಡೆ ಇಲ್ಲೆ. ಲಕ್ಷಬತ್ತಿ ಶುರು ಮಾಡ್ವ. ತಿಂಗ್ಳಿಡೀ ಒಳಗೇ ಇಪ್ಪುಕಾತ್ತ್."

ಅಮ್ಮನ ಬಿಡುವು ಹೋದ ಜಾಗಕ್ಕೆ ಹೊಸ ಕೆಲಸ ಬಂತು. ಬೆಳಿಗ್ಗೆ ಒದ್ದೆ ಸೀರೆಯ ಮಡಿ, ಅಜ್ಜಿಗೆ ಬೇರೆ ಅಡಿಗೆ, ಮಧ್ಯಾಹ್ನ ಹತ್ತಿ ಬಿಡಿಸಿ ಬತ್ತಿ ಹೊಸೆಯುವುದು. ಮೊದಲು ಏಕಾದಶಿಗಾದರೂ ಒಲೆಗೆ ಬಿಡುವಿತ್ತು, ಈಗ ಅಂದೂ ಅಜ್ಜಿಗೆ ಫಲಾಹಾರ ಮಾಡಿಕೊಡಬೇಕು. ಬಿಸಿ ಏರಿದಾಗ ಎದ್ದು ಹೋಗಲೂ ಪುರುಸೊತ್ತಿಲ್ಲ. ಬತ್ತಿ ಹೊಸೆಯುತ್ತಲೇ ಬೆವರುತ್ತಿದ್ದಳು. ವಾರಪತ್ರಿಕೆಗಳು ಬರುತ್ತಲೇ ಇದ್ದವು, ಮೂಲೆಯಲ್ಲಿ ಪೇರಿಸಿಟ್ಟಂತೆಯೇ ಉಳಿದವು. ನಗು ನಿಂತೇಹೋಯಿತು. ಅಪ್ಪಯ್ಯ ಇದನ್ನೆಲ್ಲ ನೋಡುತ್ತಿದ್ದರು, ತಾಯಿಗೆ ಎದುರಾಡಿ ಅಭ್ಯಾಸವಿಲ್ಲ. ನನಗೆ ಅವರ ಮೇಲೆ ಕೆಟ್ಟ ಕೋಪ ಬರುತ್ತಿತ್ತು.

ಒಂದು ಬೆಳಿಗ್ಗೆ ಅವರು ಹೋಟೆಲಿಗೆ ಹೋಗಲಿಲ್ಲ. ಸ್ನಾನ ಮಾಡಿ, ಪಂಚೆ ಎತ್ತಿ ಕಟ್ಟಿ, ಸೀದಾ ಅಡಿಗೆಮನೆಗೆ ಬಂದು ಅಮ್ಮನ ಕೈಯಿಂದ ಸೌಟು ಕಿತ್ತುಕೊಂಡರು.

"ಹೊರಗ್ ಹೋಯ್ ಕೂತ್ಕೋ. ಪಾಳಿ ಬದ್ಲ್ ಮಾಡಿ ಬಂದಿದ್ದೆ. ಮೂರ್ ದಿನ."

"ಎಂತ ಹೇಳ್ತ್ರಿ ನೀವ್? ನಂಗೆ ಈಗ ಹೊರಗೆಲ್ಲಿ?"

"ಯಾರ್ ಕೇಂತ್ರ್? ಕಾಗೆ ಮುಟ್ಟಿತ್ ಅಂದ್ ಹೇಳ್ವ."

ಅಬ್ಬಾ! ಅಪ್ಪಯ್ಯ ತಾಯಿಗೆ ಕೇಳಿಸುವ ಹಾಗೆಯೇ ಹೇಳಿದ್ದರು. ಬತ್ತಿಯ ತಟ್ಟೆ ಹಿಡಿದಿದ್ದ ಅಜ್ಜಿ ಬಾಗಿಲಿಗೆ ಬಂದರು.

"ನಿಂತವ್ಳಿಗೆ ಎಂತದಾ ಕಾಗೆ? ದೇವ್ರ ಮುಂದೆ ಸುಳ್ಳ್ ಹೇಳ್ತ್ಯಾ?"

ಅಮ್ಮ ಇಬ್ಬರನ್ನೂ ನೋಡಿದಳು. ಕತ್ತಿನಿಂದ ಕೆಂಪು ಏರುತ್ತಿತ್ತು, ಹಣೆ ಒದ್ದೆಯಾಗುತ್ತಿತ್ತು. ಹಿಂದಿನ ಜಗಲಿಗೆ ಹೋದಳು. ಹೋಗಿ ಕೂರುತ್ತಾಳೆ ಎಂದುಕೊಂಡೆ. ಇಲ್ಲ! ಸುತ್ತಿಟ್ಟಿದ್ದ ಆ ಚಾಪೆಯನ್ನು ಕಂಕುಳಲ್ಲಿ ಹಿಡಿದು ವಾಪಸು ಬಂದಳು. ಅಡಿಗೆಮನೆಯ ನಡುವೆ, ಒಲೆಯ ಎದುರಿನ ಗೋಡೆಗೆ ಸರಿಯಾಗಿ ಹಾಸಿ, ಕಾಲು ಚಾಚಿ ಕೂತುಬಿಟ್ಟಳು.

"ಸುಳ್ಳೂ ಬೇಡ, ಕಾಗೆಯೂ ಬೇಡ. ಇಷ್ಟ್ ವರ್ಷ ಮೈಲಿಗೆ ಅಂದ್ ಅಲ್ಲ್ ಕೂತಿದ್ದೆ. ಈಗ ದಣಿವಾಯ್ತ್ ಅಂದ್ ಇಲ್ಲ್ ಕೂತ್ಕಂತೆ. ಮೂರ್ ದಿನ ನಾನ್ ಏಳುದಿಲ್ಲೆ, ಅತ್ತೆ."

ಅಮ್ಮ ಸ್ವರ ತಗ್ಗಿಸಿದಳು.

"ಅತ್ತೆ, ನಿಮ್ಗ್ ನಿಂತಾಗ್ಳಿಕೆ ನಿಮ್ಗ್ ಯಾರ್ ಮಾಡಿ ಬಡ್ಸಿದ್ರ್?"

ಅಜ್ಜಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು, ಮೈದುನಂದಿರ ದೊಡ್ಡ ಮನೆಯಲ್ಲಿ ಒಲೆಯ ಮುಂದೆಯೇ ಮುದುಕಿಯಾದವರು. ತಟ್ಟೆ ಹಿಡಿದು ಹಾಗೇ ದೇವರ ಕೋಣೆಗೆ ಹೋದರು.

ಅಪ್ಪಯ್ಯ ಬೇಳೆ ತೆಗೆದರು. ಅದೇ ಮೊರದ ತುಂಬ! ಅಮ್ಮ ಪತ್ರಿಕೆಗಳ ರಾಶಿಯಿಂದ ಒಂದನ್ನು ಎಳೆದಳು. ಕಾದಂಬರಿ ಎಲ್ಲೋ ಮುಂದೆ ಹೋಗಿಬಿಟ್ಟಿತ್ತು, ಪೇಟೆ ಹುಡುಗಿಗೆ ಮದುವೆಯೇ ಆಗಿಹೋಗಿತ್ತು. ಇಬ್ಬರೂ ಸೇರಿ ನಡುವಿನ ಕಥೆಯನ್ನು ಊಹಿಸತೊಡಗಿದರು. ನಾನು ಅಭ್ಯಾಸದಂತೆ ಹೊಸ್ತಿಲಲ್ಲಿ ಕೂತಿದ್ದೆ. ಅಮ್ಮ ಕೈ ಚಾಚಿ ಹತ್ತಿರ ಕರೆದಳು. ಹೌದಲ್ಲ, ಈಗ ಮುಟ್ಟಬಹುದು! ಅಪ್ಪಯ್ಯನ ಅಡಿಗೆಯ ದಿನ ಅಮ್ಮನ ಮಡಿಲು ಸಿಕ್ಕಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ನಾನು ಹೋಗಿ ತಲೆಯಿಟ್ಟು ಮಲಗಿದೆ. ಅವಳ ಮೈ ಬೆಚ್ಚಗಿತ್ತು, ಬೆವರಿತ್ತು. ಸುಬ್ಬು ಬೀಸಣಿಗೆ ತಂದು ಬೀಸಿದ.

ಘಮ ಹಿಡಿದು ಪಂಕಜಂ ಮಾಮಿ ಪಾತ್ರೆಯೊಂದಿಗೆ ತಾವೇ ಬಂದರು. ಅಮ್ಮ ಒಳಗೆ, ಒಲೆಯ ಎದುರಿಗೆ, ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತದ್ದನ್ನು ಕಂಡು ಬಾಗಿಲಲ್ಲೇ ನಿಂತರು.

"ಎನ್ನ ಮಾಮಿ ಇದು, ಉಳ್ಳೇ ಉಕ್ಕಾಂದಿರುಕ್ಕೇಳ್?" ಒಳಗೇ ಕೂತಿದ್ದೀರಲ್ಲ ಎಂದು ಅವರ ಗಾಬರಿ.

"ಎನಕ್ಕು ನಿನ್ನು ಪೋಚ್ಚು, ಮಾಮಿ" ಎಂದಳು ಅಮ್ಮ, ವಠಾರಕ್ಕೆಲ್ಲ ಕೇಳುವ ದನಿಯಲ್ಲಿ. ನನಗೆ ನಿಂತುಹೋಯಿತು. "ಇನಿಮೇಲ್ ಸುಮ್ಮಾವೇ ಉಕ್ಕಾರುವೇನ್." ಇನ್ನು ಸುಮ್ಮಸುಮ್ಮನೆಯೇ ಕೂರುತ್ತೇನೆ.

ಮಾಮಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಅವರೂ ಪಾತ್ರೆ ಕೆಳಗಿಟ್ಟು, ಬಾಗಿಲ ಹತ್ತಿರವೇ ಕೂತು, ತಮಗೂ ಕೆಲವು ತಿಂಗಳಿಂದ ಮೈಯೆಲ್ಲ ಉರಿ ಎಂದು ಮೆಲ್ಲಗೆ ಹೇಳಿದರು. ಅಪ್ಪಯ್ಯ ಮುಖ ತಿರುಗಿಸಿಕೊಂಡು ಬದನೆಕಾಯಿ ಹೆಚ್ಚುವುದರಲ್ಲಿ ಮುಳುಗಿದವರಂತೆ ನಟಿಸಿದರು. ಅಮ್ಮ ನಗಲು ಶುರುಮಾಡಿದಳು.

ಆ ನಗು ದೇವರ ಕೋಣೆಗೂ ಕೇಳಿಸಿರಬೇಕು. ಅಜ್ಜಿ ನಿಧಾನವಾಗಿ ಗೋಡೆ ಹಿಡಿದುಕೊಂಡು ಬಂದರು. ಬೈಯುತ್ತಾರೆ ಎಂದು ನಾನು ಎದ್ದು ಕೂತೆ. ಅವರ ಕೈಯಲ್ಲಿ ಬತ್ತಿಯ ತಟ್ಟೆ ಇರಲಿಲ್ಲ. ಒಲೆಯ ಮುಂದೆ ಕೂತ ಮಗನನ್ನು, ಕಾಲು ಚಾಚಿ ಕೂತ ಸೊಸೆಯನ್ನು ಅವರು ಬಹಳ ಹೊತ್ತು ನೋಡಿದರು.

"ಮಗಾ," ಎಂದರು ಅಪ್ಪಯ್ಯನಿಗೆ, "ನಂಗೂ ಒಂದ್ ಚಾಪೆ ಹಾಕ್."